ಎತ್ತಿನ ಮನಿ, ಕೊಡೆ ಮನಿ: ಮೂರು ಸಲ ಬಿಚ್ಚಿ ಕಟ್ಟಿದ ಒಂದು ಆಟದ ಪೆಟ್ಟಿಗೆ

ಅಕ್ಕನ ಮಗಳಿಗೆ ಅಂತ ನಾನೇ ಕಟ್ಟಿದ ಆಟದ ಪೆಟ್ಟಿಗೆಗಳಲ್ಲಿ ಮೂರನೆಯದು ಎರಡು ವಾರದಿಂದ ಸರಿಯಾಗಿ ನಡೀತಾ ಇದೆ. ಒಂದು ಸಲವೂ ಕೈ ಕೊಟ್ಟಿಲ್ಲ. ಮರೆಯುವ ಮೊದಲು ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ಮನೆಯ ಮಕ್ಕಳಿಗೆ ಇಂಥದ್ದೊಂದು ಮಾಡಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ, ನಾನು ಹಾಳು ಮಾಡಿದ ಸಾಮಾನು ಮತ್ತು ನಿದ್ದೆಗೆಟ್ಟ ರಾತ್ರಿ ನಿಮಗೆ ಉಳಿಯಲಿ.

ನಾನು ಧಾರವಾಡದಲ್ಲಿ ಯುಪಿಎಸ್, ಮಿಕ್ಸರ್, ಇಂಡಕ್ಷನ್ ಒಲೆ ರಿಪೇರಿ ಮಾಡುವವನು. ಬೋರ್ಡು, ಸೋಲ್ಡರಿಂಗ್ ನನಗೆ ಹೊಸದಲ್ಲ, ಮಕ್ಕಳ ಆಟಿಕೆ ಹೊಸದು. ಅಕ್ಕ ಕೆಲಸಕ್ಕೆ ಅಂತ ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಾಳೆ. ಅವಳ ಮಗಳು ಪುಟ್ಟಿಗೆ ಮೂರೂವರೆ ವರ್ಷ. ಹಗಲೆಲ್ಲ ನಮ್ಮ ಅವ್ವನ ಹತ್ತಿರ ಇರುತ್ತಾಳೆ. ಅವ್ವ ರೊಟ್ಟಿ ಬಡಿಯಲು ಕೂತರೆ ಮೊಬೈಲ್ ಪುಟ್ಟಿ ಕೈಗೆ ಹೋಗುತ್ತಿತ್ತು. ಅದನ್ನು ಬಿಡಿಸಬೇಕು, ಅದಕ್ಕೆ ಬದಲಿಗೆ ತಲೆಗೆ ಸ್ವಲ್ಪ ಕೆಲಸ ಕೊಡುವಂಥದ್ದು ಏನಾದರೂ ಇರಬೇಕು ಅನ್ನಿಸಿ ಶುರು ಮಾಡಿದೆ.

ಆಟ ಸರಳ. ಪೆಟ್ಟಿಗೆಯ ಮೇಲೆ ಎರಡು ತಗ್ಗು, ಒಂದೊಂದೂ ಒಂದು ಮನೆ. ಎಡಗಡೆಯ ಮನೆಗೆ ಕೆಂಪು ಎತ್ತಿನ ಚಿತ್ರ, ಬಲಗಡೆಯ ಮನೆಗೆ ಹಳದಿ ಕೊಡೆಯ ಚಿತ್ರ. ಮಗುವಿನ ಕೈಗೆ ಕೊಡುವ ಬಿಲ್ಲೆಗಳು ಮಾತ್ರ ಅದಲು ಬದಲು: ಮೂರು ಹಳದಿ ಎತ್ತು, ಮೂರು ಕೆಂಪು ಕೊಡೆ. ಬಣ್ಣದ ಆಟ ಆಡುವಾಗ ಹಳದಿ ಎತ್ತು ಕೊಡೆಯ ಮನೆಗೆ ಹೋಗಬೇಕು, ಯಾಕಂದ್ರೆ ಅಲ್ಲಿರುವುದು ಹಳದಿ. ಆರೂ ಬಿಲ್ಲೆ ಮುಗಿದ ಮೇಲೆ ಪೆಟ್ಟಿಗೆ 'ಈಗ ಆಟ ಬದಲು' ಅನ್ನುತ್ತದೆ. ಇನ್ನು ಬಣ್ಣ ಲೆಕ್ಕಕ್ಕಿಲ್ಲ. ಅದೇ ಹಳದಿ ಎತ್ತು ಈಗ ಎತ್ತಿನ ಮನೆಗೆ ಹೋಗಬೇಕು. ಇದನ್ನು ಕಾರ್ಡಿನಲ್ಲಿ ಆಡಿಸುವ ಸಣ್ಣ ವಿಡಿಯೋ ಒಂದನ್ನು ನೋಡಿದ್ದೆ. ಅದರ ಹಿಂದೆ ದೊಡ್ಡ ಕತೆ ಇದೆ ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಎರಡು ರಾತ್ರಿ ಉಳಿಯುತ್ತಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಯಾವ ಬಿಲ್ಲೆ ಯಾವ ಮನೆಗೆ ಬಂತು ಅಂತ ಪೆಟ್ಟಿಗೆಗೆ ಗೊತ್ತಾಗಬೇಕಲ್ಲ. ಮೊದಲು ಬಿಲ್ಲೆಯ ತಳಕ್ಕೆ ಆಯಸ್ಕಾಂತ ಹಾಕಿ, ಆಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಹಾಲ್ ಸೆನ್ಸರ್‌ನಿಂದ ಓದೋಣ ಅಂದುಕೊಂಡಿದ್ದೆ. ಆ ಯೋಚನೆಯನ್ನು ಅವತ್ತೇ ಕೈಬಿಟ್ಟೆ. ಸಣ್ಣ ಶಕ್ತಿಶಾಲಿ ಆಯಸ್ಕಾಂತ ಎರಡು ಮಗುವಿನ ಹೊಟ್ಟೆಗೆ ಹೋದರೆ, ಕರುಳಿನ ಎರಡು ಮಡಿಕೆಗಳ ಆಚೀಚೆ ಒಂದನ್ನೊಂದು ಎಳೆದು ಹಿಡಿದು ಕರುಳನ್ನೇ ತೂತು ಮಾಡುತ್ತವೆ. ಮರದೊಳಗೆ ಎಷ್ಟು ಗಟ್ಟಿಯಾಗಿ ಅಂಟಿಸಿದರೂ ಒಂದು ದಿನ ಬಿಲ್ಲೆ ಸೀಳಬಹುದು. ಆ ಭಯ ಇಟ್ಟುಕೊಂಡು ಮನೆಯ ಮಗುವಿಗೆ ಆಟಿಕೆ ಕೊಡಲು ಆಗುವುದಿಲ್ಲ.

ಹಾಗಾಗಿ ಆರ್‌ಎಫ್‌ಐಡಿ, ಅಂದರೆ ಮುಟ್ಟದೆ ರೇಡಿಯೋ ಅಲೆಯಿಂದಲೇ ಗುರುತು ಓದುವ ವ್ಯವಸ್ಥೆ. 13.56 ಮೆಗಾಹರ್ಟ್ಸ್‌ನ ಆರ್‌ಸಿ522 ರೀಡರ್ ಎರಡು, ಪ್ರತಿ ಬಿಲ್ಲೆಗೆ 25 ಮಿಲಿಮೀಟರ್‌ನ ದುಂಡನೆ ಟ್ಯಾಗ್ ಒಂದು. ಟ್ಯಾಗ್‌ಗೆ ಬ್ಯಾಟರಿ ಬೇಡ, ರೀಡರ್‌ನ ಆಂಟೆನಾ ಕೊಡುವ ಅಲೆಯಿಂದಲೇ ಅದು ಎಚ್ಚರವಾಗಿ ತನ್ನ ನಂಬರ್ ಹೇಳುತ್ತದೆ. ಹಾಡು, ಮಾತಿಗೆ ಡಿಎಫ್‌ಪ್ಲೇಯರ್ ಮಿನಿ. ಮಿದುಳು ಅಂತ ಆರ್ಡುಯಿನೋ ನ್ಯಾನೋ, ನಾವು ಬರೆದ ಕೋಡ್ ನಡೆಸುವ ಸಣ್ಣ ಬೋರ್ಡು. ಇದೆಲ್ಲ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಹತ್ತಿರ ಒಂದೇ ಅಂಗಡಿಯಲ್ಲಿ ಸಿಕ್ಕಿತು, ಟ್ಯಾಗ್ ಮಾತ್ರ ಆನ್‌ಲೈನ್ ತರಿಸಿದೆ.

ಮೊದಲ ಪೆಟ್ಟಿಗೆ ಅಂದರೆ ಮನೆಯಲ್ಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ. ಟೇಬಲ್ ಮೇಲೆ ಮೂರು ಸೆಂಟಿಮೀಟರ್ ದೂರದಿಂದ ಚೆನ್ನಾಗಿ ಓದುತ್ತಿದ್ದ ರೀಡರ್, ಡಬ್ಬಿಯೊಳಗೆ ಕೂರಿಸಿದ ಕೂಡಲೇ ಸತ್ತ ಹಾಗಾಯಿತು. ಇದು ಕಾರಣ ಗೊತ್ತಿರುವ ತೊಂದರೆ. ಆಂಟೆನಾದ ಪಕ್ಕ ಲೋಹ ಇದ್ದರೆ ಅಲೆ ಲೋಹದಲ್ಲೇ ಸುತ್ತಿ ಸವೆಯುತ್ತದೆ, ಆಂಟೆನಾದ ಟ್ಯೂನಿಂಗ್ ಕೂಡ ಜಾರುತ್ತದೆ. ಆ ಡಬ್ಬಿ ಈಗ ಸ್ಕ್ರೂ ಹಾಕಿಡಲು ಇದೆ.

ಎರಡನೇ ಪೆಟ್ಟಿಗೆಯನ್ನು ಪ್ಲೈವುಡ್‌ನಲ್ಲಿ ಮಾಡಿದೆ. ಅದರಲ್ಲೂ ಒಂದು ರೀಡರ್ ಮಾತ್ರ ಆಗಾಗ ಕುರುಡಾಗುತ್ತಿತ್ತು. ಸ್ಪೀಕರ್ ಅದರ ಪಕ್ಕದಲ್ಲೇ ಇತ್ತು, ಅದರ ಚೌಕಟ್ಟೂ ಲೋಹವೇ ಅಲ್ವಾ. ಅದನ್ನು ಪೆಟ್ಟಿಗೆಯ ಹಿಂಬದಿಗೆ ಸರಿಸಿದ ಮೇಲೂ ಪೂರ್ತಿ ಸರಿ ಹೋಗಲಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ ಎರಡೂ ರೀಡರ್ ಚಾಲೂ ಇದ್ದಾಗ 3.3 ವೋಲ್ಟ್ ಲೈನ್ ಕುಸಿಯುತ್ತಿತ್ತು. ನ್ಯಾನೋದ 3.3 ವೋಲ್ಟ್ ಪಿನ್‌ನಿಂದ ತೆಗೆಯಬಹುದಾದದ್ದೇ ಹೆಚ್ಚೆಂದರೆ 50 ಮಿಲಿ ಆಂಪಿಯರ್, ಅದರ ಮೇಲೆ ಎರಡು ಆಂಟೆನಾ ನೇತು ಹಾಕಿದ್ದೆ. ವೋಲ್ಟೇಜ್ ಒಂದೇ ಸಮ ಇಡುವ ಬೇರೆ ರೆಗ್ಯುಲೇಟರ್ ಹಾಕಿ ಆ ತೊಂದರೆ ಕಳೆದೆ.

ಈಗ ಎರಡನೇ ಪೆಟ್ಟಿಗೆಯ ನಿಜವಾದ ತಪ್ಪಿಗೆ ಬರುತ್ತೇನೆ. ಅದು ವೈರಿಂಗ್ ತಪ್ಪಲ್ಲ. ಅಂಗಡಿಯ ಆಟಿಕೆ ನೋಡಿ ನೋಡಿ ನನ್ನ ತಲೆಯಲ್ಲೂ ಹಾಗೇ ಕೂತಿತ್ತು. ಬಿಲ್ಲೆ ಸರಿಯಾದ ಮನೆಗೆ ಹೋದರೆ ಹನ್ನೆರಡು ಎಲ್‌ಇಡಿ ಸುತ್ತುತ್ತಿದ್ದವು, ಚಪ್ಪಾಳೆ, 'ಶಭಾಷ್', ಮೇಲೊಂದು ಹಾಡಿನ ತುಣುಕು. ತಪ್ಪಾದರೆ ಬಜರ್. ಪುಟ್ಟಿ ಮೊದಲ ಹತ್ತು ನಿಮಿಷ ಕುಣಿದಳು. ಮಾರನೆಯ ದಿನ ನೋಡಿದರೆ ಒಂದೇ ಬಿಲ್ಲೆಯನ್ನು ಒಂದೇ ಮನೆಯಲ್ಲಿ ಇಟ್ಟು ತೆಗೆದು, ಇಟ್ಟು ತೆಗೆದು ಮಾಡುತ್ತಿದ್ದಳು. ಎಲ್ಲಿ ಇಟ್ಟರೆ ಹಾಡು ಬರುತ್ತದೆ ಅಂತ ಅವಳಿಗೆ ಗೊತ್ತಾಗಿತ್ತು, ಮಿಕ್ಕದ್ದು ಅವಳಿಗೆ ಬೇಕಿರಲಿಲ್ಲ. ಬಜರ್ ಬಾರಿಸಿದಾಗ ಮಾತ್ರ ಬಿಲ್ಲೆ ಕೆಳಗಿಟ್ಟು ಅಜ್ಜಿಯ ಸೆರಗಿನ ಹಿಂದೆ ಹೋಗಿ ನಿಂತಳು. ಆ ಮುಖ ನನಗೆ ಇನ್ನೂ ನೆನಪಿದೆ. ಬಜರ್ ವೈರನ್ನು ಅವತ್ತೇ ಕತ್ತರಿಸಿದೆ.

ನನ್ನ ಗಮನಕ್ಕೆ ತಡವಾಗಿ ಬಂದದ್ದು ಇನ್ನೊಂದು. ಅವ್ವ ಸುಮ್ಮನಾಗಿಬಿಟ್ಟಿದ್ದಳು. ಕವಡೆ, ಹುಣಸೆ ಬೀಜ ಇಟ್ಟುಕೊಂಡು ಆಡುವಾಗ ಅವ್ವನ ಬಾಯಿ ನಿಲ್ಲುವುದಿಲ್ಲ. 'ಇದು ಎಷ್ಟಾದವು? ಒಂದು ನನಗ ಕೊಟ್ರ ನಿನ್ಹತ್ರ ಎಷ್ಟು ಉಳಿದಾವು? ಅಯ್ಯ, ಇದು ಸೀಳೇತಿ ನೋಡು.' ಪೆಟ್ಟಿಗೆ ಬಂದ ಮೇಲೆ ಅವ್ವ ಪಕ್ಕದಲ್ಲಿ ಕೂತು ನೋಡುವವಳಾದಳು, ಅಷ್ಟೇ. ಮಾತೆಲ್ಲ ಪೆಟ್ಟಿಗೆಯದೇ.

ಇದನ್ನು ಅಳೆದವರೂ ಇದ್ದಾರೆ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 10ರಿಂದ 16 ತಿಂಗಳ ಮಕ್ಕಳು ಮತ್ತು ಅವರ ತಂದೆ ತಾಯಿಯ 26 ಜೋಡಿಗಳ ಮನೆಯಲ್ಲಿ ಆಟದ ಸಮಯದ ಮಾತನ್ನು ರೆಕಾರ್ಡ್ ಮಾಡಿದರು. ಫಲಿತಾಂಶ 2015ರ ಕೊನೆಯಲ್ಲಿ ಪ್ರಕಟವಾಯಿತು. ದೀಪ, ಹಾಡಿನ ಆಟಿಕೆ ಇದ್ದಾಗ ದೊಡ್ಡವರು ನಿಮಿಷಕ್ಕೆ ಸುಮಾರು 40 ಪದ ಆಡಿದರು, ಸಾದಾ ಆಟಿಕೆಯ ಜೊತೆ ಸುಮಾರು 56, ಪುಸ್ತಕದ ಜೊತೆ ಸುಮಾರು 67. ಅವು ಪುಟ್ಟಿಗಿಂತ ಸಣ್ಣ ಮಕ್ಕಳು, ನಿಜ. ಆದರೆ ನಮ್ಮ ಪಡಸಾಲೆಯಲ್ಲಿ ನಾನು ಕಂಡದ್ದೂ ಇದೇ. ಮಗುವಿಗೆ ಮಾತು, ಲೆಕ್ಕ, ಯೋಚನೆ ಬರುವುದು ತನ್ನ ಮಾತಿಗೆ ಯಾರೋ ತಿರುಗಿ ಮಾತಾಡುವುದರಿಂದ. ಹಾಡುವ ಪೆಟ್ಟಿಗೆ ಇಟ್ಟು ಆ ಇನ್ನೊಬ್ಬರ ಬಾಯಿ ನಾನೇ ಮುಚ್ಚಿಸಿದ್ದೆ. ಹಾಗಾಗಿ ಮೂರನೇ ಪೆಟ್ಟಿಗೆಗೆ ಒಂದೇ ಕಟ್ಟಳೆ ಹಾಕಿಕೊಂಡೆ: ಪೆಟ್ಟಿಗೆ ಕೇಳಬೇಕು, ಆಮೇಲೆ ಸುಮ್ನೆ ಕಾಯಬೇಕು. ಹೊಗಳುವುದು ಅಜ್ಜಿಯ ಕೆಲಸ.

ಎರಡನೇ ಪೆಟ್ಟಿಗೆಯಿಂದ ಕಲಿತದ್ದು ಇನ್ನೂ ಎರಡಿವೆ. ಆಗ ಕೊಡೆ ಇರಲಿಲ್ಲ, ಎತ್ತು ಮತ್ತು ಚಕ್ಕಡಿ ಇದ್ದವು. ಪುಟ್ಟಿ ಎತ್ತನ್ನು ತಂದು ತಂದು ಚಕ್ಕಡಿಯ ಮನೆಯಲ್ಲೇ ಇಡುತ್ತಿದ್ದಳು. ಯಾಕವ್ವಾ ಅಂದರೆ, 'ಮಾಮಾ, ಎತ್ತು ಇಲ್ದ ಚಕ್ಕಡಿ ಹೆಂಗ ಹೋಗ್ತದ?' ಅಂತ ನನ್ನನ್ನೇ ಕೇಳಿದಳು. ಅವಳದೇ ಸರಿ. ಸಣ್ಣ ಮಕ್ಕಳು ವಸ್ತುಗಳನ್ನು ಜಾತಿ ನೋಡಿ ಬೇರೆ ಮಾಡುವುದಕ್ಕಿಂತ ಯಾವುದಕ್ಕೆ ಯಾವುದು ಜೊತೆ ಅಂತ ನೋಡಿ ಕೂಡಿಸುವುದು ಜಾಸ್ತಿ. ನಾನು ಕೇಳಿದ ಪ್ರಶ್ನೆಯೇ ಗೋಜಲಾಗಿತ್ತು. ಚಕ್ಕಡಿ ತೆಗೆದು ಕೊಡೆ ಹಾಕಿದೆ. ಎತ್ತಿಗೂ ಕೊಡೆಗೂ ನಂಟಿಲ್ಲ, ಕೊಡೆಗೆ ಇದೇ ಬಣ್ಣ ಅಂತಿಲ್ಲ. ಎತ್ತಿಗೂ ಇಲ್ಲ, ಕಾರ ಹುಣ್ಣಿಮೆಗೆ ಮೈತುಂಬ ಬಣ್ಣ ಬಳಿದ ಎತ್ತನ್ನು ಅವಳು ನೋಡಿದ್ದಾಳೆ.

ಇನ್ನೊಂದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. ಅವಸರಕ್ಕೆ ಸ್ಟಿಕ್ಕರ್ ಥರದ ಟ್ಯಾಗ್ ತಂದು ಬಿಲ್ಲೆಯ ತಳಕ್ಕೆ ಅಂಟಿಸಿದ್ದೆ. ಒಂದು ಮಧ್ಯಾಹ್ನ ಅವ್ವ ಅಂಗಡಿಗೆ ಫೋನ್ ಮಾಡಿದಳು. ಪುಟ್ಟಿ ಒಂದನ್ನು ಉಗುರಿನಿಂದ ಕಿತ್ತು ಬಾಯಲ್ಲಿ ಇಟ್ಟುಕೊಂಡಿದ್ದಳು. ಅವ್ವ ಬೆರಳು ಹಾಕಿ ತೆಗೆದಿದ್ದಳು, ಏನೂ ಆಗಲಿಲ್ಲ. ಮನೆಗೆ ಬಂದು ಆರೂ ಬಿಲ್ಲೆ ಎತ್ತಿ ಅಟ್ಟದ ಮೇಲಿಟ್ಟೆ. ವಾರ ಪೂರ್ತಿ ಸೋಲ್ಡರಿಂಗ್ ಬಿಟ್ಟು ಆಟಿಕೆಯ ಸುರಕ್ಷತೆಯ ನಿಯಮಗಳನ್ನೇ ಓದಿದೆ.

ಮೊದಲೇ ಓದಬೇಕಿತ್ತು. ನಮ್ಮಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳಿಗೆ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗೆ ಐಎಸ್ 9873, ಕರೆಂಟು ಬ್ಯಾಟರಿಯ ಆಟಿಕೆಗೆ ಐಎಸ್ 15644. ನಾನು ಮಾರುತ್ತಿಲ್ಲ, ಆದರೆ ಮಗು ಮಗುವೇ. ಸಣ್ಣ ತುಣುಕು ಅಂದರೆ ಯಾವುದು ಅಂತ ನೋಡಲು ಒಂದು ಅಳತೆಯ ಕೊಳವೆ ಇದೆ, ಒಳ ಅಗಲ 31.7 ಮಿಲಿಮೀಟರ್, ತಳ ಓರೆ. ಒತ್ತದೆ ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಮೂರು ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಇರಬಾರದು. ಪುಟ್ಟಿಗೆ ಮೂರು ದಾಟಿದೆ, ಆದರೆ ಪಕ್ಕದ ಮನೆಯ ಕೂಸಿಗೆ ಒಂದೂವರೆ, ಅದೂ ಬಂದು ಇಲ್ಲೇ ಕೂರುತ್ತದೆ. ಪೈಪಿನ ತುಂಡೊಂದನ್ನು ಆ ಅಳತೆಗೆ ತಂದು ಟೇಬಲ್ ಮೇಲೆ ಇಟ್ಟುಕೊಂಡೆ. ಈಗ ಯಾವ ತುಂಡು ಮಾಡಿದರೂ ಮೊದಲು ಅದರಲ್ಲಿ ಹಾಕಿ ನೋಡುತ್ತೇನೆ.

ಮೂರನೇ ಪೆಟ್ಟಿಗೆಯ ಮರದ ಕೆಲಸಕ್ಕೆ ಪರಿಚಯದ ಬಡಿಗೇರರ ಹತ್ತಿರ ಹೋದೆ. ಅವರ ಸಂಬಂಧಿಕರು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಕಡೆಯವರು. ತೊಟ್ಟಿಲು ಮಾಡುವವರಿಗೆ ಮಗುವಿನ ಕೈ, ಬಾಯಿ ಎರಡೂ ಗೊತ್ತಿರುತ್ತವೆ. ನಾನು ಏನೂ ಹೇಳುವ ಮೊದಲೇ ಅವರು ಎಲ್ಲ ಅಂಚನ್ನೂ ಬೆರಳಿನ ಹಾಗೆ ದುಂಡು ಮಾಡಿದ್ದರು. ಬಿಲ್ಲೆ ಆರು ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ದಪ್ಪ, ಸಾಗವಾನಿ. ನಡುವೆ ಗುಳಿ ತೋಡಿ ಟ್ಯಾಗ್ ಇಟ್ಟು, ಮೇಲೆ ಅದೇ ಮರದ ಬಿರಡೆಯನ್ನು ಎಪಾಕ್ಸಿ ಹಚ್ಚಿ ಬಡಿದು, ಸ್ಯಾಂಡ್ ಪೇಪರ್ ಹೊಡೆದದ್ದು. ಬಿರಡೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಎದೆಯೆತ್ತರದಿಂದ ಕಾಂಕ್ರೀಟ್ ನೆಲಕ್ಕೆ ಇಪ್ಪತ್ತು ಸಲ ಬೀಳಿಸಿ ನೋಡಿದೆ, ಬಿಡಲಿಲ್ಲ.

ಬಣ್ಣದಲ್ಲಿ ಎಡವಿದೆ. ಬಾಯಿಗೆ ಹಾಕಿದರೂ ತೊಂದರೆ ಇಲ್ಲದ ಬಣ್ಣ ಬೇಕು ಅಂತ ಹಳದಿಗೆ ಅರಿಶಿನವನ್ನೇ ಹಚ್ಚಿ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಬಳಿದೆ. ನೋಡಲು ಬಹಳ ಚೆಂದ ಇತ್ತು, ಬೆಲ್ಲದ ಪಾಕದ ಹಾಗೆ ಹೊಳಪು. ನಾಲ್ಕನೇ ದಿನ ಅಕ್ಕ ಬಿಲ್ಲೆಗಳನ್ನು ಸೋಪು ಹಾಕಿ ತೊಳೆದಿಟ್ಟಳು. ಮಾರನೆಯ ದಿನ ಹಳದಿ ಎತ್ತಿನ ಬೆನ್ನ ಮೇಲೆ, ಕಿವಿಯ ಹತ್ತಿರ ಎಲ್ಲ ಕೆಂಪು ಕಲೆ. ಪುಟ್ಟಿ ಒಂದನ್ನು ಹಿಡಿದು 'ಇದು ಕೆಂಪೋ ಹಳದಿಯೋ?' ಅಂತ ನಿಂತಿದ್ದಳು. ಅವ್ವ ರೊಟ್ಟಿ ಹಂಚಿನ ಮುಂದಿನಿಂದಲೇ ಹೇಳಿದಳು, 'ಅರಿಶಿಣಕ್ಕ ಸುಣ್ಣ ಕೂಡಿದ್ರ ಕುಂಕುಮ ಆಗತೈತಿ, ಗೊತ್ತಿಲ್ಲೇನು ನಿನಗ?' ಸುಣ್ಣದ ಹಾಗೇ ಸೋಪೂ ಕ್ಷಾರ. ಅರಗು ಕೂಡ ಕ್ಷಾರದಲ್ಲಿ ಕರಗುತ್ತದೆ, ಹಾಗಾಗಿ ಮೇಲಿನ ಪದರ ಹೋಗಿ ಅರಿಶಿನ ಕೆಂಪಾಯಿತು. ಅರಿಶಿನದ ಬಣ್ಣ ಬಿಸಿಲಿಗೂ ನಿಲ್ಲುವುದಿಲ್ಲ. ಎಲ್ಲವನ್ನೂ ಉಜ್ಜಿ ತೆಗೆದು, ಆಟಿಕೆಗೆ ಅಂತಲೇ ಬರುವ ಸೀಸವಿಲ್ಲದ ನೀರಿನ ಬಣ್ಣ ಹಚ್ಚಿದೆ. ಚೆಂದ ಸ್ವಲ್ಪ ಕಮ್ಮಿ, ಆದರೆ ಹಳದಿ ಹಳದಿಯಾಗಿಯೇ ಇದೆ.

ಒಳಗಿನ ಸಾಮಾನೂ ಬದಲಾಯಿತು. ನ್ಯಾನೋ ತೆಗೆದು 3.3 ವೋಲ್ಟ್‌ನ, 8 ಮೆಗಾಹರ್ಟ್ಸ್ ಪ್ರೋ ಮಿನಿ ಹಾಕಿದೆ, ಅದೂ ಆರ್ಡುಯಿನೋ ಬೋರ್ಡೇ. ಆರ್‌ಸಿ522 ಕೂಡ 3.3 ವೋಲ್ಟ್‌ನದೇ ಆದ್ದರಿಂದ ನಡುವೆ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸುವ ರಗಳೆ ಇಲ್ಲ. ಎರಡೂ ರೀಡರ್ ಬೋರ್ಡಿನ ಜೊತೆ ಮಾತಾಡುವ ಒಂದೇ ಎಸ್‌ಪಿಐ ಲೈನಿನಲ್ಲಿವೆ, ಆಯ್ಕೆಯ ಪಿನ್ ಮಾತ್ರ ಬೇರೆ ಬೇರೆ. ಇಲ್ಲೊಂದು ವಿಚಿತ್ರ ಕಾಟ ಕೊಟ್ಟಿತು. ಬಿಲ್ಲೆಯನ್ನು ಮನೆಯಲ್ಲಿ ಇಟ್ಟು ಬಿಟ್ಟರೆ ಪೆಟ್ಟಿಗೆ 'ಎತ್ತು ಬಂತು, ಎತ್ತು ಬಂತು, ಎತ್ತು ಬಂತು' ಅಂತ ನಿಲ್ಲದೆ ಹೇಳುತ್ತಿತ್ತು. ರೀಡರ್‌ಗೆ ಅಂತ ಸಿಗುವ ಸಿದ್ಧ ಕೋಡಿನಲ್ಲಿ (ಲೈಬ್ರರಿ) ಹೊಸ ಟ್ಯಾಗ್ ಬಂತಾ ಅಂತ ಕೇಳುವ ಫಂಕ್ಷನ್, ಟ್ಯಾಗ್ ಅಲ್ಲೇ ಕೂತಿದ್ದರೂ ಒಮ್ಮೆ ಹೌದು, ಒಮ್ಮೆ ಇಲ್ಲ ಅನ್ನುತ್ತದೆ. ನನ್ನ ಕೋಡ್ ಪ್ರತಿ 'ಇಲ್ಲ'ವನ್ನೂ ಬಿಲ್ಲೆ ಎತ್ತಿದರು ಅಂತ ತಿಳಿಯುತ್ತಿತ್ತು. ಪರಿಹಾರ ಬ್ಯಾಟರಿ ಉಳಿಸುವ ಕೆಲಸದಲ್ಲೇ ಸಿಕ್ಕಿತು. ಎಡ ಆಂಟೆನಾ ಹಚ್ಚು, ಓದು, ಆರಿಸು. ಬಲ ಆಂಟೆನಾ ಹಚ್ಚು, ಓದು, ಆರಿಸು. ಅಲೆ ನಿಂತಾಗ ಟ್ಯಾಗ್ ಪೂರ್ತಿ ಮಲಗಿ ಮತ್ತೆ ಹೊಸದಾಗಿ ಏಳುತ್ತದೆ, ಹಾಗಾಗಿ ಪ್ರತಿ ಸಲವೂ ನೇರ ಉತ್ತರ. ಮೂರು ಸಲ ಸಾಲಾಗಿ ಉತ್ತರ ಬರದಿದ್ದರೆ ಮಾತ್ರ ಬಿಲ್ಲೆ ಎತ್ತಿದ್ದಾರೆ ಅಂತ ಲೆಕ್ಕ. ಒಂದು ಆಂಟೆನಾ ಇನ್ನೊಂದಕ್ಕೆ ಅಡ್ಡ ಬರುವುದೂ ಇದರಿಂದ ತಪ್ಪಿತು.

ಧ್ವನಿ ಅವ್ವನದೇ. ಮೊದಲು ಕಂಪ್ಯೂಟರ್ ಧ್ವನಿ ಹಾಕಿದ್ದೆ, ಪುಟ್ಟಿ ಅದಕ್ಕೆ ಕಿವಿಯೇ ಕೊಡಲಿಲ್ಲ. ಅವ್ವನ ಬಾಯಲ್ಲಿ 'ಕೆಂಪು ಕೆಂಪಿನ ಮನಿಗೆ ಹೋಗಲಿ' ಅಂತ ಕೇಳಿದ ಕೂಡಲೇ ತಿರುಗಿ ನೋಡಿದಳು. ರೆಕಾರ್ಡಿಂಗ್ ಮಾಡಿದ್ದು ಬೀರುವಿನ ಬಾಗಿಲು ತೆಗೆದು ಸೀರೆಗಳ ಮುಂದೆ ಮೊಬೈಲ್ ಹಿಡಿದು. ಬಟ್ಟೆ ಗುಂಯ್‌ಗುಡುವುದನ್ನು ನುಂಗುತ್ತದೆ. ಡಿಎಫ್‌ಪ್ಲೇಯರ್ ಬಳಸುವವರಿಗೆ ಒಂದು ಮಾತು: ಬರೀ ನಂಬರ್ ಕೊಟ್ಟು ಹಾಡಿಸಿದರೆ ಅದು ಫೈಲಿನ ಹೆಸರು ನೋಡುವುದಿಲ್ಲ, ಮೆಮೊರಿ ಕಾರ್ಡಿಗೆ ಯಾವ ಕ್ರಮದಲ್ಲಿ ಕಾಪಿ ಮಾಡಿದ್ದೀರೋ ಆ ಕ್ರಮ ನೋಡುತ್ತದೆ. ಎತ್ತು ಇಟ್ಟರೆ ಕೊಡೆ ಅನ್ನುತ್ತಿದ್ದದ್ದು ಇದಕ್ಕೇ. ಎಂಪಿ3 ಅಂತ ಫೋಲ್ಡರ್ ಮಾಡಿ, 0001, 0002 ಅಂತ ನಾಲ್ಕು ಅಂಕಿಯ ಹೆಸರಿಟ್ಟು, ಆ ಫೋಲ್ಡರಿನಿಂದಲೇ ಹಾಡಿಸುವ ಆಜ್ಞೆ ಬಳಸಿ. ಬೋರ್ಡಿನಿಂದ ಡಿಎಫ್‌ಪ್ಲೇಯರ್‌ಗೆ ಆಜ್ಞೆ ಹೋಗುವ ಸೀರಿಯಲ್ ಲೈನಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಹಿಂದಿನ ಗುರ್ರ್ ಸದ್ದು ಹೋಗುತ್ತದೆ. ವಾಲ್ಯೂಮ್ 30ರಲ್ಲಿ 12ಕ್ಕೆ ಕೋಡ್‌ನಲ್ಲೇ ಕಟ್ಟಿ ಹಾಕಿದ್ದೇನೆ, ಹೊರಗೆ ತಿರುಗಿಸುವ ಗುಂಡಿ ಇಲ್ಲ. ಮಕ್ಕಳು ಸದ್ದು ಬರುವ ಕಡೆಗೇ ಕಿವಿ ಒತ್ತುತ್ತಾರೆ, ನೀವೂ ನೋಡಿರುತ್ತೀರಿ.

ಇನ್ನು ಆ ಎರಡು ರಾತ್ರಿಯ ಕತೆ.

ಮೂರನೇ ಪೆಟ್ಟಿಗೆ ಕೊಟ್ಟ ಮೊದಲ ಸಂಜೆ ಬಣ್ಣದ ಆಟ ಚೆನ್ನಾಗಿ ಆಯಿತು, ಆರಕ್ಕೆ ಆರೂ ಸರಿ. 'ಈಗ ಆಟ ಬದಲು' ಬಂತು. ಪುಟ್ಟಿ ಹಳದಿ ಎತ್ತನ್ನು ಮತ್ತೆ ಹಳದಿ ಮನೆಯಲ್ಲೇ ಇಟ್ಟಳು. ಮುಂದಿನದೂ ಹಾಗೇ. ಆರಕ್ಕೆ ಆರೂ ತಪ್ಪು. ರೀಡರ್ ಅದಲು ಬದಲಾಗಿದೆ ಅಂದುಕೊಂಡೆ. ರಾತ್ರಿ ಪೆಟ್ಟಿಗೆ ಬಿಚ್ಚಿ ಪ್ರತಿ ಜಾಯಿಂಟಿಗೂ ಮತ್ತೆ ಸೋಲ್ಡರ್ ಹಾಕಿದೆ. ಮಾರನೆಯ ದಿನವೂ ಅದೇ. ಎರಡನೇ ರಾತ್ರಿ ನಾನೇ ಕೂತು ಐವತ್ತು ಸಲ ಬಿಲ್ಲೆ ಇಟ್ಟು ನೋಡಿದೆ, ಐವತ್ತೂ ಸರಿ ಓದಿತು. ಪ್ರತಿ ಬಿಲ್ಲೆಯ ಲೆಕ್ಕವನ್ನು ಪ್ರೋ ಮಿನಿಯ 1 ಕಿಲೋಬೈಟ್ ಇಇಪ್ರಾಮ್‌ನಲ್ಲಿ (ಕರೆಂಟು ಹೋದರೂ ಅಳಿಯದ ನೆನಪು) ಬರೆದಿಡುವ ಹಾಗೆ ಕೋಡ್ ಮಾಡಿದೆ. ಪೆಟ್ಟಿಗೆಯಲ್ಲಿ ತಪ್ಪಿರಲಿಲ್ಲ.

ಮೂರನೇ ದಿನ ಅಂಗಡಿಗೆ ತಡವಾಗಿ ಹೋದರಾಯಿತು ಅಂತ ಪುಟ್ಟಿಯ ಎದುರಿಗೆ ನೆಲದ ಮೇಲೆ ಕೂತೆ. ಅವಳ ಕೈಯಲ್ಲಿ ಹಳದಿ ಎತ್ತು. 'ಈಗ ಯಾವ ಆಟ ಪುಟ್ಟಿ?' ಅಂದೆ. 'ಎತ್ತು ಎತ್ತಿನ ಮನಿಗೆ, ಕೊಡೆ ಕೊಡೆ ಮನಿಗೆ' ಅಂತ ಪಟಪಟ ಹೇಳಿದಳು. 'ಎತ್ತಿನ ಮನಿ ಯಾವುದು?' ಸರಿಯಾಗಿ ಎಡಗಡೆ ತೋರಿಸಿದಳು. ಆಮೇಲೆ ಕೈ ನಿಧಾನ ಎಡಕ್ಕೆ ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು, ಬಿಲ್ಲೆಯ ಹಳದಿಯನ್ನೊಮ್ಮೆ ನೋಡಿ ಬಲಕ್ಕೆ ತಿರುಗಿ ಹಳದಿ ಮನೆಯಲ್ಲಿ ಇಟ್ಟಿತು. ಇಟ್ಟು ನನ್ನ ಮುಖ ನೋಡಿದಳು. ಬಾಯಿಗೆ ಹೊಸ ಆಟ ಗೊತ್ತು, ಕೈ ಇನ್ನೂ ಹಳೇ ಆಟದಲ್ಲೇ ಇದೆ.

ಅದೇ ವಾರ ಅಂಗಡಿಗೆ ಯುಪಿಎಸ್ ಒಯ್ಯಲು ಬಂದ, ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಮೇಡಂ ಒಬ್ಬರಿಗೆ ಇದನ್ನು ಹೇಳಿದೆ. 'ಅದು ನಿಮ್ಮ ಪೆಟ್ಟಿಗೆ ತಪ್ಪಲ್ಲರಿ, ಆ ವಯಸ್ಸೇ ಹಂಗ' ಅಂದರು. ಫಿಲಿಪ್ ಝೆಲಾಜೋ ಮತ್ತು ಅವರ ಜೊತೆಯವರು 1990ರ ದಶಕದಿಂದ ಇದೇ ಆಟವನ್ನು ಕಾರ್ಡಿನಲ್ಲಿ ಆಡಿಸಿ ನೋಡಿದ್ದಾರಂತೆ. ಮೂರು ವರ್ಷದ ಹೆಚ್ಚಿನ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಹೇಳಿಯೂ ಹಳೆಯದರ ಪ್ರಕಾರವೇ ಇಡುತ್ತಾರೆ, ಐದರ ಹೊತ್ತಿಗೆ ಹೆಚ್ಚಿನವರು ಸಲೀಸಾಗಿ ಬದಲಿಸುತ್ತಾರೆ. ಒಂದು ವಿಷಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಹಳೇ ರೂಢಿಗೆ ಕಡಿವಾಣ ಹಾಕುವುದು, ನೋಡುವ ರೀತಿ ಬದಲಿಸುವುದು, ಇವೆಲ್ಲ ಈ ವರ್ಷಗಳಲ್ಲೇ ಬೆಳೆಯುತ್ತವೆ. ಮುಂದೆ ಓದಲು ಬರೆಯಲು ಕೂರುವಾಗ ಬೇಕಾಗುವುದೂ ಇವೇ. ನನಗೆ ಮೈ ಜುಂ ಅಂತು. ವೈರಿನಲ್ಲಿ ತಪ್ಪು ಹುಡುಕುತ್ತಿದ್ದೆ, ನನ್ನ ಕಣ್ಣ ಮುಂದೆ ಒಂದು ಮಗುವಿನ ತಲೆ ಬೆಳೆಯುತ್ತಿತ್ತು.

ಅವರು ಇನ್ನೊಂದು ಉಪಾಯ ಹೇಳಿಕೊಟ್ಟರು. 2003ರಲ್ಲಿ ಕಿರ್ಕಮ್, ಕ್ರೂಸ್, ಡೈಮಂಡ್ ಅನ್ನುವವರು ಮಾಡಿದ ಪ್ರಯೋಗದಲ್ಲಿ, ಕಾರ್ಡ್ ಇಡುವ ಮೊದಲು ಅದೇನು ಅಂತ ಮಗುವಿನ ಬಾಯಿಂದಲೇ ಹೇಳಿಸಿದಾಗ ಮೂರು ವರ್ಷದ ಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಹೊಸ ನಿಯಮಕ್ಕೆ ಬಂದರು. ಅಂದರೆ 'ಇದು ಹಳದಿ ಎತ್ತು' ಅಂತ ನಾವು ಹೇಳಿಬಿಡಬಾರದು, 'ಇದೇನಿದು?' ಅಂತ ಕೇಳಿ ಬಿಡಬೇಕು. ಅವಳು 'ಎತ್ತು' ಅಂದ ಕ್ಷಣ ಕಣ್ಣು ಬಣ್ಣದಿಂದ ಆಕಾರಕ್ಕೆ ಹೋಗುತ್ತದೆ.

ಕೋಡ್ ಹಾಗೇ ತಿದ್ದಿದೆ. ಬಿಲ್ಲೆ ತಪ್ಪು ಮನೆಗೆ ಹೋದರೆ ಪೆಟ್ಟಿಗೆ ಐದು ಸೆಕೆಂಡು ಏನೂ ಅನ್ನುವುದಿಲ್ಲ. ಐದು ಸೆಕೆಂಡು ದೊಡ್ಡವರಿಗೆ ಬಹಳ ಅನಿಸುತ್ತದೆ, ಮಗುವಿಗೆ ಅಷ್ಟು ಬೇಕು. ಎಷ್ಟೋ ಸಲ ಅದರೊಳಗೆ ಅವಳೇ ಬಿಲ್ಲೆ ಎತ್ತಿ ಬದಲಿಸುತ್ತಾಳೆ, ಇಲ್ಲವೇ ಅವ್ವ ಮಾತು ಶುರು ಮಾಡಿರುತ್ತಾಳೆ. ಇಬ್ಬರೂ ಸುಮ್ಮನಿದ್ದರೆ ಮಾತ್ರ ಅವ್ವನ ಧ್ವನಿ ಬರುತ್ತದೆ: 'ಇದೇನಿದು ಕೂಸ?' ಅಷ್ಟೇ, ಸರಿ ತಪ್ಪು ಇಲ್ಲ. ಸರಿಯಾದ ಮನೆಗೆ ಹೋದರೆ ಆ ಮನೆಯ ಬಾಗಿಲಲ್ಲಿ ಒಂದೇ ಒಂದು ಸಣ್ಣ ದೀಪ ಮೆಲ್ಲಗೆ ಹೊತ್ತಿ ಆರುತ್ತದೆ. ಎರಡು ವಾರದ ಲೆಕ್ಕ ತೆಗೆದು ನೋಡಿದೆ. ಮೊದಮೊದಲು ಆಟ ಬದಲಾದ ಮೇಲೆ ಆರರಲ್ಲಿ ಒಂದು, ಎರಡು ಸರಿ ಇರುತ್ತಿದ್ದವು, ಈಗ ಕೆಲವು ದಿನ ನಾಲ್ಕು. ಕೆಲವು ದಿನ ಮತ್ತೆ ಒಂದೇ. ನಿದ್ದೆ ಬಂದ ಹೊತ್ತಲ್ಲಿ ಯಾವುದೂ ಇಲ್ಲ. ಇದನ್ನು ಪರೀಕ್ಷೆ ಮಾಡಬಾರದು ಅಂತ ಅಕ್ಕನಿಗೆ ಹೇಳಿದ್ದೇನೆ. ಈ ಲೆಕ್ಕ ಪೆಟ್ಟಿಗೆಯ ಆರೋಗ್ಯ ನೋಡಲು, ಪುಟ್ಟಿಗೆ ಅಂಕ ಕೊಡಲು ಅಲ್ಲ.

ಬ್ಯಾಟರಿಗೆ ಲಿಥಿಯಂ ಬೇಡ ಅಂತ ತೀರ್ಮಾನಿಸಿದೆ. ಬೀಳುವ, ನೀರು ಚೆಲ್ಲುವ ಜಾಗ ಅದು. ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್, ನಿಕಲ್ ಮೆಟಲ್ ಹೈಡ್ರೈಡ್, ನಾಲ್ಕು ಸೇರಿ 4.8 ವೋಲ್ಟ್. ಮುಚ್ಚಳಕ್ಕೆ ಎರಡು ಸ್ಕ್ರೂ, ಬೆರಳಿನಿಂದ ತೆಗೆಯಲು ಬರಬಾರದು. ದುಂಡನೆ ನಾಣ್ಯದಂಥ ಸೆಲ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ನುಂಗಿದ ಮಗುವಿನ ಅನ್ನನಾಳವನ್ನು ಅದು ಎರಡು ಗಂಟೆಯೊಳಗೆ ಸುಟ್ಟುಬಿಡಬಹುದು. ಮೂರು ನಿಮಿಷ ಯಾರೂ ಮುಟ್ಟದಿದ್ದರೆ ಪೆಟ್ಟಿಗೆ ಮಲಗುತ್ತದೆ, ಅಲುಗಾಡಿಸಿದರೆ ಒಳಗೆ ಲೋಹದ ಗುಂಡು ಇರುವ ಟಿಲ್ಟ್ ಸ್ವಿಚ್ ಎಬ್ಬಿಸುತ್ತದೆ. ಪಾದರಸದ್ದು ಬರುತ್ತದಲ್ಲ, ಅದು ಬೇಡ.

ವೈಫೈ ಹಾಕು, ಮೈಕ್ ಹಾಕು, ಮಗು ಮಾತಾಡಿದ್ದಕ್ಕೆ ಉತ್ತರ ಕೊಡೋ ಹಾಗೆ ಮಾಡು ಅಂತ ಗೆಳೆಯರು ಹೇಳುತ್ತಲೇ ಇದ್ದಾರೆ. ಮಾಡಲು ಬರುತ್ತದೆ, ಮಾಡುವುದಿಲ್ಲ. 2017ರಲ್ಲಿ ಜರ್ಮನಿ 'ಮೈ ಫ್ರೆಂಡ್ ಕಾಯ್ಲಾ' ಅನ್ನುವ ಮಾತಾಡುವ ಗೊಂಬೆಯನ್ನು ಗುಟ್ಟಾಗಿ ಕದ್ದು ಕೇಳುವ ಸಾಧನ ಅಂತ ನಿಷೇಧಿಸಿತು. ನಮ್ಮ ಪಡಸಾಲೆಯ ಮಾತು ಪಡಸಾಲೆಯಲ್ಲೇ ಇರಲಿ. ಪುಟ್ಟಿಗೆ ಉತ್ತರ ಕೊಡಲು ಅವ್ವ ಇದ್ದಾಳೆ.

ಕೂಲಿ ಬಿಟ್ಟು ಸಾಮಾನಿಗೆ ಸುಮಾರು 1,600 ರೂಪಾಯಿ ಆಯಿತು, ಅದರಲ್ಲಿ ಸೆಲ್ ಮತ್ತು ಚಾರ್ಜರ್ ಪಾಲೇ ಜಾಸ್ತಿ.

ಈಗ ನಮ್ಮ ಓಣಿಯ ಅಂಗನವಾಡಿಗೆ ಇನ್ನೊಂದು ಮಾಡುತ್ತಿದ್ದೇನೆ. ಅಲ್ಲಿ ಒಟ್ಟಿಗೆ ನಾಲ್ಕು ಮಕ್ಕಳು ಮುಗಿಬೀಳುತ್ತಾರೆ, ಹಾಗಾಗಿ ಎರಡು ಮನೆಗಳ ನಡುವಿನ ಅಂತರ ಜಾಸ್ತಿ ಮಾಡಿ, ಬಿಲ್ಲೆ ಹನ್ನೆರಡು ಮಾಡಿದ್ದೇನೆ. ಬಡಿಗೇರರು ಗುರುವಾರ ಮರ ಕೊಡುತ್ತಾರೆ. ಅಲ್ಲಿನ ಟೀಚರ್ ಅಕ್ಕನವರ ಧ್ವನಿಯಲ್ಲಿ ಆರು ವಾಕ್ಯ ರೆಕಾರ್ಡ್ ಆಗಿವೆ. 'ಈಗ ಆಟ ಬದಲು' ಮಾತ್ರ ಮತ್ತೆ ತೆಗೆಯಬೇಕು, ಅವರು ಅದನ್ನು ಹೇಳುವಾಗಲೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.